ಆಲೆಟ್ಟಿ ಪಂಚಾಯತ್: ಯಾವ ಕೆಲಸಕ್ಕೆ ಯಾವ ಬಾಗಿಲು

ಸುಳ್ಯ ಪೇಟೆಯ ಬದಿಯಿಂದ ಕೇರಳದ ಗಡಿಯವರೆಗೆ ಹಬ್ಬಿರುವ ಗ್ರಾಮ ಆಲೆಟ್ಟಿ. ಅರಂಬೂರು, ನಾಗಪಟ್ಟಣ, ಕೋಲ್ಚಾರು, ಬಡ್ಡಡ್ಕ ಇವೆಲ್ಲ ಅದರೊಳಗಿನ ಊರುಗಳು. ಬಯಲುಸೀಮೆಯ ಹಳ್ಳಿಯ ಹಾಗೆ ಇಲ್ಲಿ ಮನೆಗಳು ಒತ್ತೊತ್ತಾಗಿ ಒಂದೆಡೆ ಇಲ್ಲ. ಅಡಿಕೆ ತೋಟಕ್ಕೊಂದು ಮನೆ, ಗುಡ್ಡದ ಬದಿಗೊಂದು ಮನೆ, ನಡುವೆ ತೋಡು, ರಬ್ಬರ್ ತೋಟ, ಕಾಡು. ಇಂಥ ಗ್ರಾಮದಲ್ಲಿ ಸರಕಾರವೆಂದರೆ ಜನರಿಗೆ ಮೊದಲು ಕಾಣುವುದು ಪಂಚಾಯತ್ ಕಚೇರಿ. ನಳ್ಳಿಯಲ್ಲಿ ನೀರು ಬಾರದಿದ್ದರೂ, ಆನೆ ತೋಟಕ್ಕೆ ನುಗ್ಗಿದರೂ, ಪಿಂಚಣಿ ನಿಂತರೂ, ಪಹಣಿಯಲ್ಲಿ ಹೆಸರು ತಪ್ಪಾದರೂ ಜನ ಮೊದಲು ಬರುವುದು ಅಲ್ಲಿಗೇ. ಈ ನಾಲ್ಕರಲ್ಲಿ ಪಂಚಾಯತ್ ತಾನೇ ಮಾಡಿಕೊಡಬೇಕಾದದ್ದು ನೀರಿನ ಕೆಲಸ ಒಂದೇ. ಉಳಿದ ಮೂರೂ ಬೇರೆ ಇಲಾಖೆಗಳವು. ಯಾವ ಕೆಲಸ ಯಾರದ್ದೆಂದು ತಿಳಿಯದೆ ಕೂಲಿ ಬಿಟ್ಟು ಅಲೆಯುವವರ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಆದರೆ ಅದು ಸಣ್ಣ ನಷ್ಟವಲ್ಲ.

ಗ್ರಾಮ ಪಂಚಾಯತ್ ಈಗಿನ ರೂಪಕ್ಕೆ ಬಂದದ್ದು 1993ರಲ್ಲಿ. ಅದಕ್ಕೂ ಹಿಂದೆ ಗ್ರಾಮದ ಆಡಳಿತವೆಂದರೆ ಪಟೇಲರು, ಶ್ಯಾನುಭೋಗರು, ಅವರ ಕೈಕೆಳಗಿನ ಉಗ್ರಾಣಿ. ವಂಶಪಾರಂಪರ್ಯವಾಗಿ ಬರುತ್ತಿದ್ದ ಈ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಅದು 1963ರಲ್ಲಿ ಜಾರಿಗೆ ಬಂತು. 1983ರ ಕಾಯ್ದೆಯಂತೆ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1987ರಲ್ಲಿ ಮಂಡಲ ಪಂಚಾಯತ್ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟ ಆ ಪ್ರಯೋಗವನ್ನು ಇಡೀ ದೇಶ ಗಮನಿಸಿತು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ ಕರ್ನಾಟಕ 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಮಾಡಿತು. ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬುದು ಸೇರಿದ್ದು ಆಮೇಲೆ. ಮಹಿಳೆಯರ ಮೀಸಲು ಅರ್ಧಕ್ಕೆ ಏರಿದ್ದು 2010ರ ತಿದ್ದುಪಡಿಯಿಂದ.

ಕಾಯ್ದೆಯ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಬೇರೆ ಜಿಲ್ಲೆಗಳಲ್ಲಿ ಒಂದು ಪಂಚಾಯತ್ ರಚಿಸಲು ಐದರಿಂದ ಏಳು ಸಾವಿರ ಜನ ಇರಬೇಕೆಂಬ ಅಳತೆ ಇದ್ದರೆ, ದಕ್ಷಿಣ ಕನ್ನಡ, ಉಡುಪಿ, ಕೊಡಗು ಮುಂತಾದ ಮಲೆನಾಡು, ಕರಾವಳಿ ಜಿಲ್ಲೆಗಳಿಗೆ ಎರಡೂವರೆ ಸಾವಿರಕ್ಕೂ ರಚಿಸುವ ಅವಕಾಶವಿದೆ. ಮನೆಯಿಂದ ಮನೆಗೆ ಗುಡ್ಡ ಹತ್ತಿಳಿಯುವ ನೆಲಕ್ಕೆ ಈ ರಿಯಾಯಿತಿ ಬೇಕಿತ್ತು. ಒಂದು ವಾರ್ಡಿನಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗುವುದು ಸಾಮಾನ್ಯ. ಎಷ್ಟು ಸ್ಥಾನವೋ ಅಷ್ಟು ಮತ ಹಾಕುವ ಹಕ್ಕು ಮತದಾರನಿಗಿದೆ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ‘ಬೆಂಬಲಿತ’ ಎಂಬ ಪದದ ಮೂಲಕ ಪಕ್ಷಗಳು ಒಳಗೆ ಬರುತ್ತವೆ. ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಪಂಚಾಯತ್‌ಗಳಿಗೆ 2020ರ ಡಿಸೆಂಬರ್ 27ರಂದು ಮತದಾನ ನಡೆದಿತ್ತು.

ಮೇಲಿನ ಎರಡು ಹಂತಗಳ ಸ್ಥಿತಿ ಬೇರೆ. ತಾಲೂಕು ಪಂಚಾಯತ್ ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಹೀಗಾಗಿ ಪಂಚಾಯತ್ ಸದಸ್ಯರಿಗೂ ಶಾಸಕರಿಗೂ ನಡುವೆ ಕೇಳುವವರೇ ಇಲ್ಲದ ಖಾಲಿ ಜಾಗ ಉಳಿಯಿತು. ಆ ಭಾರವೂ ಗ್ರಾಮ ಪಂಚಾಯತ್ ಮೇಲೆಯೇ ಬಿತ್ತು. ಪ್ರಜಾಪ್ರಭುತ್ವಕ್ಕೆ ಇದು ಒಳ್ಳೆಯ ಲಕ್ಷಣವಲ್ಲ.

ಕಚೇರಿಯೊಳಗೆ ಅಧ್ಯಕ್ಷರು, ಉಪಾಧ್ಯಕ್ಷರು ಜನರ ಪ್ರತಿನಿಧಿಗಳು. ದಿನದ ಆಡಳಿತ ನಡೆಸುವವರು ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಅವರ ಜೊತೆ ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕರು, ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ನೀರು ಬಿಡುವವರು. ಸದಸ್ಯರ ಸಭೆ ತೀರ್ಮಾನಿಸುತ್ತದೆ, ಪಿಡಿಒ ಅದನ್ನು ಜಾರಿ ಮಾಡುತ್ತಾರೆ. ನಿಯಮಕ್ಕೆ ವಿರುದ್ಧವಾದ ತೀರ್ಮಾನವಾದರೆ ಅದನ್ನು ಮೇಲಿನವರ ಗಮನಕ್ಕೆ ತರುವುದೂ ಪಿಡಿಒ ಹೊಣೆ. ಆದ್ದರಿಂದ ‘ಮೆಂಬರು ಹೇಳಿದ್ದಾರೆ’ ಎಂಬ ಮಾತು ಮಾತ್ರದಿಂದ ಯಾವ ಕಡತವೂ ಮುಂದೆ ಹೋಗುವುದಿಲ್ಲ. ಅರ್ಜಿ ಬರೆದು ಕೊಡಬೇಕು, ಸ್ವೀಕೃತಿ ಪಡೆಯಬೇಕು. 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯ ಪಟ್ಟಿಯಲ್ಲಿರುವ ಸೇವೆಯಾದರೆ ಅರ್ಜಿಗೆ ಸಕಾಲ ಸಂಖ್ಯೆ ಸಿಗಬೇಕು. ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ತಡವಾದ ಕಡತಕ್ಕೆ ಒಬ್ಬ ಅಧಿಕಾರಿ ಹೆಸರು ಹೇಳಿ ಉತ್ತರಿಸಬೇಕಾಗುತ್ತದೆ ಎಂಬುದೇ ಅದರ ನಿಜವಾದ ಬೆಲೆ.

ಪಂಚಾಯತ್ ಕೆಲಸಗಳಲ್ಲಿ ಇಲ್ಲಿನ ಜನರನ್ನು ಹೆಚ್ಚು ಕಾಡುವುದು ಮನೆ ಮತ್ತು ಸೈಟಿನ ದಾಖಲೆ. ‘ನೈನ್ ಇಲೆವೆನ್’ ಎಂದು ದಕ್ಷಿಣ ಕನ್ನಡದ ಉದ್ದಗಲಕ್ಕೂ ಜನರ ಬಾಯಲ್ಲಿರುವುದು ನಮೂನೆ 9 ಮತ್ತು ನಮೂನೆ 11. ಮೊದಲನೆಯದು ಪಂಚಾಯತಿನ ಆಸ್ತಿ ವಹಿಯ ಉತಾರ, ಎರಡನೆಯದು ತೆರಿಗೆಯ ಬೇಡಿಕೆ ವಹಿಯ ಉತಾರ. 2013ರಲ್ಲಿ ಆರಂಭವಾದ ಇ-ಸ್ವತ್ತು ತಂತ್ರಾಂಶದಿಂದ ಇವನ್ನು ಕೊಡಲಾಗುತ್ತದೆ. ಗ್ರಾಮಠಾಣದೊಳಗಿನ ಆಸ್ತಿ, ಭೂಪರಿವರ್ತನೆಯಾಗಿ ವಿನ್ಯಾಸಕ್ಕೆ ಅನುಮೋದನೆ ಪಡೆದ ಸೈಟು, ಸರಕಾರದ ವಸತಿ ಯೋಜನೆಯ ಮನೆ ಇವುಗಳಿಗೆ 9 ಮತ್ತು 11ಎ ಸಿಗುತ್ತದೆ. ಈ ಗುಂಪಿಗೆ ಸೇರದ ಆಸ್ತಿಗೆ 11ಬಿ.

ತೊಡಕು ಇರುವುದು ಗ್ರಾಮಠಾಣ ಎಂಬ ಆ ಮೊದಲ ಷರತ್ತಿನಲ್ಲೇ. ಮನೆಗಳು ಒಂದೆಡೆ ಕೂಡಿ ಸುತ್ತ ಹೊಲ ಇರುವ ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಅದು. ಆಲೆಟ್ಟಿಯಂಥ ಗ್ರಾಮದಲ್ಲಿ ಪ್ರತಿ ಮನೆಯೂ ಕೃಷಿ ಜಮೀನಿನ ನಡುವೆ ಇದೆ. ಮಗನೋ ಮಗಳೋ ತಂದೆಯ ತೋಟದ ಮೂಲೆಯಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಬೇಕಾದರೆ ಅಷ್ಟು ಜಾಗವನ್ನು ಕನ್ವರ್ಷನ್, ಅಂದರೆ ಭೂಪರಿವರ್ತನೆ, ಮಾಡಿಸಬೇಕು. ಅದು ಭೂಕಂದಾಯ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧಿಕಾರ. ಆಮೇಲೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ವ್ಯವಸ್ಥೆಯಲ್ಲಿ ಏಕನಿವೇಶನ ವಿನ್ಯಾಸಕ್ಕೆ ಒಪ್ಪಿಗೆ ಬೇಕು. ಅದಾದ ಮೇಲೆ ಪಂಚಾಯತಿನ ನಮೂನೆಗಳು, ಕಟ್ಟಡದ ಪರವಾನಗಿ, ಕೊನೆಗೆ ಡೋರ್ ನಂಬ್ರ. ಬ್ಯಾಂಕಿನ ಸಾಲ ಈ ಕಾಗದಗಳ ಮೇಲೆಯೇ ನಿಂತಿದೆ. ಒಂದು ಮನೆಗೆ ಮೂರು ಇಲಾಖೆಗಳ ಒಪ್ಪಿಗೆ ಬೇಕಾದಾಗ, ತಡವಾದದ್ದು ಎಲ್ಲಿ ಎಂದು ಅರ್ಜಿದಾರನಿಗೆ ತಿಳಿಯುವುದೇ ಕಷ್ಟ. ಕಡತ ಕನ್ವರ್ಷನ್ ಹಂತದಲ್ಲಿರುವಾಗ ಪಿಡಿಒ ಅವರನ್ನು ದೂರಿ ಪ್ರಯೋಜನವಿಲ್ಲ. ಮೂರು ಹಂತಗಳಲ್ಲಿ ಕಡತ ಯಾವುದರಲ್ಲಿದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳುವುದೇ ಅರ್ಧ ಕೆಲಸ. ಕರಾವಳಿಯ ನೆಲಕ್ಕೆ ಹೊಂದುವ ಪ್ರತ್ಯೇಕ ನಿಯಮ ಬೇಕೆಂಬ ಇಲ್ಲಿನವರ ಬೇಡಿಕೆ ನ್ಯಾಯವಾದದ್ದು. ಒಂದೇ ಮನೆ ಕಟ್ಟುವ ರೈತನನ್ನೂ ನೂರು ಸೈಟು ಮಾರುವ ಉದ್ಯಮಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆಯುವುದು ಸರಿಯಲ್ಲ.

ಸರಕಾರಿ ಜಾಗದಲ್ಲಿ ಮನೆ ಕಟ್ಟಿದವರ ವಿಷಯ ಇನ್ನೊಂದು ಬಗೆಯದು. ವರ್ಗ ಜಮೀನಿನಿಂದ 100 ಗಜದೊಳಗಿನ ಸರಕಾರಿ ಜಾಗವನ್ನು ಸೊಪ್ಪು, ದರಗು, ಮೇವಿಗೆ ಬಳಸುವ ಸೌಲಭ್ಯ ಹಿಂದಿನ ಕಾಲದಿಂದ ಕೃಷಿಕರಿಗಿದೆ. ಅದೇ ಕುಮ್ಕಿ. ಒಡೆತನ ಮಾತ್ರ ಸರಕಾರದ್ದು. ಇಂಥ ಜಾಗದಲ್ಲೋ ಬೇರೆ ಸರಕಾರಿ ಜಾಗದಲ್ಲೋ ಇರುವ ಮನೆಗೆ ಹಕ್ಕುಪತ್ರ ಬೇಕಾದರೆ ಭೂಕಂದಾಯ ಕಾಯ್ದೆಯ ‘94ಸಿ’ ಅಡಿಯಲ್ಲಿ ತಹಶೀಲ್ದಾರರಿಗೆ ಅರ್ಜಿ ಹೋಗಬೇಕು. ಕೃಷಿ ಮಾಡಿದ ಜಾಗವಾದರೆ ಅಕ್ರಮ-ಸಕ್ರಮ ಸಮಿತಿ. ಪ್ಲಾಟಿಂಗ್, ಪೋಡಿ, ಪಹಣಿ ತಿದ್ದುಪಡಿ ಇವೆಲ್ಲ ಕಂದಾಯ ಮತ್ತು ಭೂಮಾಪನ ಇಲಾಖೆಯವು. ಇವಕ್ಕೆ ಗ್ರಾಮದಲ್ಲಿ ಸಿಗುವ ವ್ಯಕ್ತಿ ಗ್ರಾಮ ಆಡಳಿತಾಧಿಕಾರಿ. ಜನ ಈಗಲೂ ‘ವಿ.ಎ.’ ಎನ್ನುತ್ತಾರೆ. ಪಿಡಿಒ ಮತ್ತು ವಿ.ಎ. ಎರಡು ಬೇರೆ ಇಲಾಖೆಯವರು, ಇಬ್ಬರ ಮೇಲಧಿಕಾರಿಗಳೂ ಬೇರೆ. ಒಬ್ಬರಿಗೆ ಕೊಟ್ಟ ಅರ್ಜಿ ಇನ್ನೊಬ್ಬರ ಮೇಜಿಗೆ ತಾನಾಗಿ ಹೋಗುವುದಿಲ್ಲ.

ಜಾತಿ, ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನ, ಸಂಧ್ಯಾ ಸುರಕ್ಷಾ ಇವು ನಾಡಕಚೇರಿ ಮತ್ತು ತಾಲೂಕು ಕಚೇರಿಯ ಕೆಲಸ. ಪಡಿತರ ಚೀಟಿ ಆಹಾರ ಇಲಾಖೆಯದು. ಗೃಹಲಕ್ಷ್ಮಿಯ ಹಣ ಬಾರದಿದ್ದರೆ ಕೇಳಬೇಕಾದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು. 2016ರಲ್ಲಿ ಗ್ರಾಮ ಪಂಚಾಯತ್‌ಗಳಲ್ಲಿ ತೆರೆದ ಬಾಪೂಜಿ ಸೇವಾ ಕೇಂದ್ರಗಳಿಂದಾಗಿ ಇಂಥ ಹಲವು ಅರ್ಜಿಗಳನ್ನು ಊರಿನಲ್ಲೇ ಸಲ್ಲಿಸಬಹುದು. ಇದು ದೊಡ್ಡ ಅನುಕೂಲ. ಆದರೆ ಅರ್ಜಿ ಪಡೆಯುವ ಕಿಟಕಿ ಪಂಚಾಯತಿನದಾದರೂ ತೀರ್ಮಾನಿಸುವ ಅಧಿಕಾರಿ ಅಲ್ಲಿರುವುದಿಲ್ಲ ಎಂಬುದು ನೆನಪಿರಬೇಕು.

ಜನನ ನೋಂದಣಿಯಲ್ಲಿ ಆಲೆಟ್ಟಿಯಂಥ ಊರಿನವರು ಗಮನಿಸಬೇಕಾದ ಒಂದು ಅಂಶವಿದೆ. ನೋಂದಣಿ ನಡೆಯುವುದು ತಾಯಿ ತಂದೆಯ ಊರಿನಲ್ಲಲ್ಲ, ಮಗು ಹುಟ್ಟಿದ ಸ್ಥಳದಲ್ಲಿ. ಹೆರಿಗೆ ಸುಳ್ಯದ ಆಸ್ಪತ್ರೆಯಲ್ಲಿ ಆಗಿದ್ದರೆ ದಾಖಲೆ ಅಲ್ಲಿನದು, ಮಂಗಳೂರಿನಲ್ಲಾಗಿದ್ದರೆ ಮಂಗಳೂರಿನದು, ಕಾಸರಗೋಡಿನ ತವರುಮನೆ ಕಡೆ ಆಗಿದ್ದರೆ ಕೇರಳದ್ದು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಮೇಲಿನ ಅಧಿಕಾರಿಯ ಆದೇಶದವರೆಗೆ ಹೋಗಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನ್ಮದಿನದ ಆಧಾರ ಈ ಪ್ರಮಾಣಪತ್ರವೇ. ಹೆಸರು, ಅಕ್ಷರ ಸರಿಯಿದೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ನೀರು ಪೂರ್ತಿಯಾಗಿ ಪಂಚಾಯತಿನದು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್, ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟಿದೆ. ಈ ಕಡೆ ಸ್ವಂತ ಬಾವಿ, ಸುರಂಗದ ನೀರು ಇರುವ ಮನೆಗಳು ಬಹಳ. ಆದರೆ ಎತ್ತರದ ಕಾಲನಿಗಳು, ಐದು ಸೆಂಟ್ಸ್ ಮನೆಗಳು ನಳ್ಳಿಯನ್ನೇ ನಂಬಿವೆ. ಮಾರ್ಚ್ ಕಳೆದ ಮೇಲೆ ಕೊಳವೆಬಾವಿ ಬತ್ತುತ್ತದೆ, ಕರೆಂಟಿನ ವೋಲ್ಟೇಜ್ ಇಳಿದರೆ ಪಂಪು ಏಳುವುದಿಲ್ಲ. ಪಂಪುಗಳ ವಿದ್ಯುತ್ ಬಿಲ್ಲು ಪಂಚಾಯತಿನ ದೊಡ್ಡ ಖರ್ಚುಗಳಲ್ಲಿ ಒಂದು. ನೀರಿನ ಶುಲ್ಕ ಬಾಕಿ ಉಳಿದಷ್ಟೂ ಪೈಪು ದುರಸ್ತಿಗೆ ಹಣ ಇರುವುದಿಲ್ಲ. ಬೇಸಗೆಯಲ್ಲಿ ತೋಟಕ್ಕೆ ನಳ್ಳಿ ನೀರು ಹರಿಸುವವರು ಕೆಳಗಿನ ಮನೆಯವರ ಕೊಡಪಾನವನ್ನೇ ಖಾಲಿ ಮಾಡುತ್ತಿರುತ್ತಾರೆ.

ಕಸದ ವಿಷಯದಲ್ಲಿ ಗ್ರಾಮದ ಮನೆಗಳ ಒಣಕಸ ಸಂಗ್ರಹ ಪಂಚಾಯತಿನ ಹೊಣೆ. ಜಿಲ್ಲೆಯ ಹಲವೆಡೆ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಸ್ವಚ್ಛವಾಹಿನಿ ವಾಹನ ಓಡಿಸಿ ಈ ಕೆಲಸ ಮಾಡುತ್ತಿದ್ದಾರೆ. ಆದರೆ ಆಲೆಟ್ಟಿಗೆ ಇನ್ನೊಂದು ಕಸದ ಪ್ರಶ್ನೆಯೂ ಇದೆ. ಸುಳ್ಯ ಪೇಟೆಯ ಕಸ ಹೋಗುವ ಕಲ್ಚೆರ್ಪೆ ಇರುವುದು ಆಲೆಟ್ಟಿ ಗ್ರಾಮದಲ್ಲಿ. ಅದನ್ನು ನಡೆಸುವುದು ಸುಳ್ಯ ನಗರ ಪಂಚಾಯತ್. ವಾಸನೆ, ಕೊಳಕು ನೀರು, ಹೊಗೆಯ ಬಗ್ಗೆ ಸುತ್ತಲಿನವರ ದೂರು ಹಲವು ವರ್ಷಗಳಷ್ಟು ಹಳೆಯದು. ಕಸ ಮಾಡಿದವರು ಒಂದು ಆಡಳಿತದ ಮತದಾರರು, ಅದರ ಪಕ್ಕ ಬದುಕುವವರು ಇನ್ನೊಂದು ಆಡಳಿತದ ಮತದಾರರು. ಇಂಥಲ್ಲಿ ಗ್ರಾಮ ಪಂಚಾಯತ್ ನಿರ್ಣಯ ಮಾಡಬಹುದು, ಒತ್ತಾಯಿಸಬಹುದು; ಪರಿಹಾರ ಜಿಲ್ಲಾಡಳಿತದ ಮಟ್ಟದಲ್ಲೇ ಆಗಬೇಕು. ಪೇಟೆಯ ಮನೆ, ಅಂಗಡಿಗಳಲ್ಲಿ ಹಸಿ ಕಸ, ಒಣ ಕಸ ಬೇರೆಯಾಗದೆ ಯಾವ ಯಂತ್ರ ತಂದರೂ ಕಲ್ಚೆರ್ಪೆಯವರಿಗೆ ನೆಮ್ಮದಿ ಇಲ್ಲ.

ರಸ್ತೆಗಳಿಗೂ ಒಡೆಯರು ಬೇರೆ ಬೇರೆ: ಹೆದ್ದಾರಿ, ಲೋಕೋಪಯೋಗಿ, ಜಿಲ್ಲಾ ಪಂಚಾಯತ್, ಗ್ರಾಮ ಪಂಚಾಯತ್. ಪಂಚಾಯತಿನ ಆಸ್ತಿ ವಹಿಯಲ್ಲಿ ಇಲ್ಲದ ರಸ್ತೆಗೆ ಪಂಚಾಯತ್ ಹಣ ಹಾಕುವುದು ಕಷ್ಟ, ಕಾಡಿನ ಜಾಗದಲ್ಲಿ ಹಾದುಹೋಗುವ ರಸ್ತೆಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಯಾವ ಪಟ್ಟಿಯಲ್ಲೂ ಜಾಗ ಸಿಗದ ಬೇಡಿಕೆಗೆ ಊರವರೇ ದಾರಿ ಕಂಡುಕೊಂಡ ಉದಾಹರಣೆ ಅರಂಬೂರಿನಲ್ಲೇ ಇದೆ. 1989ರಲ್ಲಿ ಪಯಸ್ವಿನಿ ಹೊಳೆಗೆ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅವರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಶಾಲೆ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿರುವ ಎಷ್ಟೋ ಊರುಗಳಿಗೆ ಆ ಕೆಲಸ ದಾರಿ ತೋರಿಸಿತು.

ಆನೆ, ಕಾಡುಹಂದಿ ಮಾಡಿದ ಬೆಳೆ ಹಾನಿಗೆ ಪರಿಹಾರ ಕೊಡುವುದು ಅರಣ್ಯ ಇಲಾಖೆ. ಆಲೆಟ್ಟಿ, ಮಂಡೆಕೋಲು, ಅಜ್ಜಾವರ ಕಡೆಯ ಗಡಿ ತೋಟಗಳಿಗೆ ಆನೆ ಬರುವುದು ಹೊಸತಲ್ಲ. ಹಾನಿಯಾದ ಕೂಡಲೇ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಮುರಿದ ಬಾಳೆ, ಅಡಿಕೆ ಗಿಡಗಳನ್ನು ಸ್ಥಳ ಪರಿಶೀಲನೆಗೆ ಮೊದಲೇ ತೆಗೆದುಹಾಕಿದರೆ ಲೆಕ್ಕ ಸಿಗುವುದಿಲ್ಲ.

ಉದ್ಯೋಗ ಖಾತರಿಯಲ್ಲಿ ಮಾತ್ರ ಪಂಚಾಯತ್ ಮತ್ತು ಕೃಷಿಕನ ನಡುವೆ ಯಾರೂ ಇಲ್ಲ. 2005ರ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕು ಕೊಟ್ಟಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಅದರ ಸ್ಥಾನಕ್ಕೆ ಬಂದು ದಿನಗಳನ್ನು 125ಕ್ಕೆ ಏರಿಸಿದೆ. ಈ ಸೀಮೆಯಲ್ಲಿ ಉದ್ಯೋಗ ಖಾತರಿಯೆಂದರೆ ಕೆರೆ ಹೂಳಿಗಿಂತ ಹೆಚ್ಚಾಗಿ ದನದ ಹಟ್ಟಿ, ಬಾವಿ, ಇಂಗುಗುಂಡಿ, ಎರೆಗೊಬ್ಬರದ ತೊಟ್ಟಿ, ತೋಟದ ಬಸಿಗಾಲುವೆ. ಇಂಥ ವೈಯಕ್ತಿಕ ಕಾಮಗಾರಿ ಬೇಕಾದವರು ವಾರ್ಡ್ ಸಭೆಯಲ್ಲೇ ಹೆಸರು ಬರೆಸಿ ವರ್ಷದ ಕ್ರಿಯಾಯೋಜನೆಗೆ ಸೇರಿಸಬೇಕು. ಕೆಲಸ ಮುಗಿಸಿ ಆಮೇಲೆ ಅರ್ಜಿ ಕೊಟ್ಟರೆ ಹಣ ಬರುವುದಿಲ್ಲ.

ಹಣದ ಮೂಲ ತಿಳಿದರೆ ಪಂಚಾಯತಿನ ಮಿತಿಯೂ ತಿಳಿಯುತ್ತದೆ. ಸ್ವಂತ ಆದಾಯವೆಂದರೆ ಮನೆ ತೆರಿಗೆ, ನೀರಿನ ಶುಲ್ಕ, ಅಂಗಡಿ ಪರವಾನಗಿ, ಕಟ್ಟಡ ಶುಲ್ಕ. ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ, ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳು ಪಂಚಾಯತಿನವಲ್ಲ. ಕೇಂದ್ರದಿಂದ ಬರುವ ಹಣಕಾಸು ಆಯೋಗದ ಅನುದಾನವೂ ಸ್ವಂತ ಇಷ್ಟದಂತೆ ಖರ್ಚು ಮಾಡುವಂಥದ್ದಲ್ಲ. 2026ರವರೆಗಿನ 15ನೇ ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಗಡಿಯಾಚೆಗಿನ ಬಂದಡ್ಕದತ್ತ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1956ರವರೆಗೆ ಎರಡೂ ಕಡೆ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಕೇರಳದಲ್ಲಿ ಈಗ 941 ಗ್ರಾಮ ಪಂಚಾಯತ್, ಕರ್ನಾಟಕದಲ್ಲಿ ಆರು ಸಾವಿರದ ಹತ್ತಿರ. ಅಲ್ಲಿನ ಪಂಚಾಯತ್ ಹಲವು ಪಟ್ಟು ದೊಡ್ಡದು. ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿಭವನ, ಪಶು ಆಸ್ಪತ್ರೆ ಅದರ ಅಧೀನದಲ್ಲಿವೆ. 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಯಿತು. ಕರ್ನಾಟಕದ ಪಂಚಾಯತ್ ಜನರಿಗೆ ಹೆಚ್ಚು ಹತ್ತಿರ, ಅಧಿಕಾರದಲ್ಲಿ ಕಡಿಮೆ.

ಎಲ್ಲ ಇಲಾಖೆಗಳೂ ಒಂದೇ ಕಡೆ ಜನರ ಎದುರು ನಿಲ್ಲುವ ಸಂದರ್ಭ ಒಂದಿದೆ, ಅದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕೂ ಮೊದಲು ವಾರ್ಡ್ ಸಭೆಗಳು ಮುಗಿದಿರಬೇಕು. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು, ಯಾರೂ ಆಮಂತ್ರಣ ಕೊಡಬೇಕಿಲ್ಲ. ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಇಲ್ಲೇ ಆಗಬೇಕು. ಮೆಸ್ಕಾಂ, ಅರಣ್ಯ, ಕಂದಾಯ, ಕೃಷಿ, ತೋಟಗಾರಿಕೆ, ಆರೋಗ್ಯ, ಶಿಕ್ಷಣ ಇಲಾಖೆಯವರು ಬಂದು ಮಾಹಿತಿ ಕೊಡುವುದು, ಮಾರ್ಗದರ್ಶಿ ಅಧಿಕಾರಿಯೊಬ್ಬರು ಸಭೆ ನಡೆಸಿಕೊಡುವುದು ಜಿಲ್ಲೆಯ ರೂಢಿ. ಅಧಿಕಾರಿಗಳು ಬಂದಿಲ್ಲವೆಂದು ಜನ ಸಭೆಯನ್ನೇ ಮುಂದೂಡಿಸಿದ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ಜನ ಈ ಸಭೆಗೆ ಕೊಡುವ ಬೆಲೆಯ ಗುರುತು.

ಮಾತು ಅರೆಭಾಷೆಯಲ್ಲಿರಬಹುದು, ತುಳುವಿನಲ್ಲಿರಬಹುದು, ಮಲಯಾಳದಲ್ಲಿರಬಹುದು. ಉಳಿಯುವುದು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದದ್ದು. ಗಂಟೆಗಟ್ಟಲೆ ಜೋರು ಚರ್ಚೆಯಾದ ವಿಷಯ ನಿರ್ಣಯವಾಗಿ ದಾಖಲಾಗದಿದ್ದರೆ ಮುಂದಿನ ಸಭೆಯಲ್ಲಿ ಅದಕ್ಕೆ ಆಧಾರವಿರುವುದಿಲ್ಲ. ಮೆಸ್ಕಾಂನ ತಂತಿಯಾಗಲಿ, ಕಲ್ಚೆರ್ಪೆಯ ಕಸವಾಗಲಿ, ಪಂಚಾಯತಿನ ಕೈಯಲ್ಲಿಲ್ಲದ ವಿಷಯಗಳಿಗಂತೂ ಗ್ರಾಮಸಭೆಯ ನಿರ್ಣಯವೇ ಮೇಲಿನವರಿಗೆ ಹೋಗುವ ಬಲವಾದ ಕಾಗದ. ಕಳೆದ ಸಭೆಯ ನಿರ್ಣಯಗಳಿಗೆ ಏನಾಯಿತು ಎಂಬ ಪಾಲನಾ ವರದಿಯನ್ನು ಮೊದಲು ಓದಿಸಿ, ಆಮೇಲೆ ಹೊಸ ವಿಷಯಕ್ಕೆ ಹೋಗುವುದು ಸರಿಯಾದ ಕ್ರಮ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಆ ವರ್ಷದ ಕಾಮಗಾರಿ, ಖರ್ಚಿನ ಲೆಕ್ಕವನ್ನು ಸಾರ್ವಜನಿಕರ ಎದುರು ಇಡಲಾಗುತ್ತದೆ. ಅದಕ್ಕೆ ಬರುವವರ ಸಂಖ್ಯೆ ಮಾತ್ರ ತೀರ ಕಡಿಮೆ.

ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯತ್ ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ. ಕೇಳಬೇಕಾದದ್ದನ್ನು ಒಂದು ಕಾಗದದಲ್ಲಿ ಬರೆದು ಅದು ಯಾವ ಇಲಾಖೆಗೆ ಸೇರಿದ್ದೆಂದು ಮೊದಲೇ ತಿಳಿದುಕೊಂಡು ಹೋಗಿ. ಸಭೆ ಮುಗಿದ ಮೇಲೆ ಅದು ನಡಾವಳಿಯಲ್ಲಿ ಬಂದಿದೆಯೇ ಎಂದು ಕಚೇರಿಗೆ ಹೋಗಿ ಓದಿ ನೋಡಿ. ಆ ಪುಸ್ತಕವನ್ನು ನೋಡುವ, ಅದರ ನಕಲು ಪಡೆಯುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗಿದೆ.